ಬೈಗುಳಕ್ಕೆ ಹೊಂದಿಸಿದ ಸ್ಪ್ರಿಂಗು

ಹೋದ ವರ್ಷ ಅಪ್ಪಾಸಾಹೇಬ ದೇಸಾಯರಿಗೆ ಸನ್ಮಾನ ನಡೆದಾಗ ಮೂರನೇ ಭಾಷಣದ ಹೊತ್ತಿಗೆ ವೇದಿಕೆ ಮುರಿಯಿತು. ಯಾರಿಗೂ ಆಶ್ಚರ್ಯವಾಗಲಿಲ್ಲ. ಅವರನ್ನು ಎತ್ತಲು ಹತ್ತಿ ಗಿರಣಿಯ ಹಳೆಯ ಕ್ರೇನನ್ನು ಬೆಳಿಗ್ಗೆಯೇ ತರಿಸಿ ನಿಲ್ಲಿಸಿದ್ದರು. ಅದರ ಕೊಂಡಿಗೆ ನೇತಾಡುತ್ತಲೇ ಅಪ್ಪಾಸಾಹೇಬರು ನಾಲ್ಕನೇ ಭಾಷಣವನ್ನೂ ಕೇಳಿದರು. ಹಗ್ಗ ಕಿರುಗುಟ್ಟಿತು, ಜನ ಚಪ್ಪಾಳೆ ತಟ್ಟಿದರು. ನಮ್ಮಲ್ಲಿ ಹೊಗಳಿಸಿಕೊಂಡವರು ಭಾರವಾಗುತ್ತಾರೆ, ಬೈಸಿಕೊಂಡವರು ಹಗುರಾಗುತ್ತಾರೆ. ಹಾಗಾಗಿ ದೊಡ್ಡವರ ಮನೆಗಳಲ್ಲಿ ಕುರ್ಚಿಗಳು ಕಬ್ಬಿಣದವು, ಮಹಡಿಗೆ ತೊಲೆಗಳು ಜಾಸ್ತಿ. ಸಣ್ಣವರ ಮನೆಗಳಲ್ಲಿ ಸೊಸೆಯಂದಿರು ಸೆರಗಿನ ತುದಿಗೆ ಗುಂಡುಕಲ್ಲು ಕಟ್ಟಿಕೊಂಡು ನೀರಿಗೆ ಹೋಗುತ್ತಾರೆ. ಕಚೇರಿಯ ಗುಮಾಸ್ತರು ಎರಡೂ ಜೇಬಿನಲ್ಲಿ ಹಿತ್ತಾಳೆ ಬೀಗ ಇಟ್ಟುಕೊಂಡು ಓಡಾಡುತ್ತಾರೆ. ಹೊಗಳಿಕೆ ನಿಜವೋ ಸುಳ್ಳೋ ಎಂಬುದು ಲೆಕ್ಕಕ್ಕಿಲ್ಲ, ತೂಕ ಒಂದೇ. ಹಾಗಿಲ್ಲದಿದ್ದರೆ ಅಪ್ಪಾಸಾಹೇಬರು ಇಷ್ಟುಹೊತ್ತಿಗೆ ಗಾಳಿಪಟವಾಗಿ ಪಕ್ಕದ ಜಿಲ್ಲೆ ಸೇರಬೇಕಿತ್ತು.

ನನ್ನ ಹೆಸರು ದಾಕ್ಷಾಯಣಿ. ಈ ಊರಿನಲ್ಲಿ ನನ್ನ ನಾಲಿಗೆಗೆ ಬೇಡಿಕೆಯಿದೆ. ತಮ್ಮ ಅಜ್ಜನನ್ನು ಮಹಡಿಗೆ ಹೊತ್ತೊಯ್ಯಬೇಕಾದರೆ ನೆರೆಮನೆಯವರು ಬಂದು, "ದಾಕ್ಷಿ, ಒಂದೀಟು ಬೈದು ಹೋಗ ಬೇ, ಎತ್ತಾಕ ಆಗವಲ್ದು," ಎನ್ನುತ್ತಾರೆ. ಗುಡ್ಡದ ತಿರುವಿನಲ್ಲಿ ಬಸ್ಸು ಏರದೆ ನಿಂತಾಗ ಕಂಡಕ್ಟರ್ ಮುಂದಿನ ಸೀಟಿನ ಕಂತ್ರಾಟುದಾರನನ್ನು ತೋರಿಸಿ ನನಗೆ ಕಣ್ಸನ್ನೆ ಮಾಡುತ್ತಾನೆ. ನಾನು ಯಾರಿಗೂ ಇಲ್ಲವೆಂದಿಲ್ಲ. ಬೈಯಲು ನನಗೆ ತಯಾರಿ ಬೇಕಿಲ್ಲ. ಮನುಷ್ಯರನ್ನು ಎರಡು ನಿಮಿಷ ನೋಡಿದರೆ ಸಾಕು, ಮಾತು ತಾನಾಗಿ ಬರುತ್ತದೆ.

ಅಪ್ಪಾಸಾಹೇಬರದೇ ಒಂದು ಎಂಜಿನಿಯರಿಂಗ್ ಕಾಲೇಜು. ನಾನು ಅಲ್ಲಿ ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೆ. ವರ್ಷಕ್ಕೊಮ್ಮೆ ಬೇರೆ ಬೇರೆ ಊರಿನ ಕಾಲೇಜುಗಳ ಹುಡುಗರು ತಾವೇ ಕಟ್ಟಿದ ಒಂಟಿ ಸೀಟಿನ ರೇಸ್ ಕಾರುಗಳನ್ನು ತಂದು ಓಡಿಸುವ ಪಂದ್ಯವೊಂದಿದೆ. ನಮ್ಮ ತಂಡಕ್ಕೆ ಅಪ್ಪಾಸಾಹೇಬರ ಅಣ್ಣನ ಮಗ ವಿಕ್ರಾಂತ ದೇಸಾಯಿ ನಾಯಕ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಅವನ ಮುಂದಾಳತ್ವದಲ್ಲಿ ಕಟ್ಟಿದ ಹಿಂದಿನ ಕಾರು ಮೊದಲ ಉಬ್ಬಿನಲ್ಲೇ ಹೊಟ್ಟೆ ತಾಗಿಸಿ ನಿಂತುಬಿಟ್ಟಿತ್ತು. ಅದನ್ನು ವರ್ಕ್‌ಶಾಪಿನಲ್ಲಿ ಹಾರ ಹಾಕಿ ಇಟ್ಟಿದ್ದರು. ನಾನು ಒಂದು ದಿನ ಅದರ ಸುತ್ತ ತಿರುಗಿ ನೋಡಿ, ಎಲ್ಲರಿಗೂ ಕೇಳುವಂತೆ, "ಇದು ಕಾರಲ್ಲ, ಇಸ್ತ್ರಿಪೆಟ್ಟಿಗೆ," ಎಂದೆ. ಮೇಷ್ಟ್ರು ಹಂಚಿನಾಳ ಸರ್ ನಕ್ಕುಬಿಟ್ಟರು. ನಕ್ಕ ತಪ್ಪಿಗೆ ಅವರು ಏನಾದರೂ ಮಾಡಲೇಬೇಕಾಯಿತು. ಹೊಸ ಕಾರಿನ ಸಸ್ಪೆನ್ಷನ್ ಕೆಲಸವನ್ನು ನನಗೆ ವಹಿಸಿದರು.

ಸಸ್ಪೆನ್ಷನ್ ಎಂದರೆ ಗಾಲಿಗೂ ಕಾರಿನ ಮೈಗೂ ನಡುವಿನ ರಾಜಿ. ನೆಲದ ಗುಂಡಿಯನ್ನು ಸ್ಪ್ರಿಂಗ್ ನುಂಗಬೇಕು, ನುಂಗಿದ್ದನ್ನು ಅದು ಮತ್ತೆ ಉಗುಳದಂತೆ ಪಕ್ಕದ ಡ್ಯಾಂಪರ್ ಹಿಡಿದುಕೊಳ್ಳಬೇಕು. ಸ್ಪ್ರಿಂಗ್ ಮೆತ್ತಗಾದರೆ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಗಟ್ಟಿಯಾದರೆ ಗಾಲಿ ನೆಲ ಬಿಟ್ಟು ಕುಣಿಯುತ್ತದೆ. ಎಷ್ಟು ಗಟ್ಟಿ ಎಂಬುದು ಕಾರಿನ ತೂಕದ ಮೇಲೆ ನಿಂತಿದೆ. ಇಷ್ಟು ಸಣ್ಣ ಕಾರಿನಲ್ಲಿ ತೂಕದ ದೊಡ್ಡ ಪಾಲು ಒಳಗೆ ಕೂರುವವನದೇ. ಬೇರೆ ಊರುಗಳಲ್ಲಿ ಡ್ರೈವರನ್ನು ಒಮ್ಮೆ ತೂಗಿದರೆ ಮುಗಿಯಿತು. ನಮ್ಮ ಊರಿನಲ್ಲಿ ಅವನು ಆ ಬೆಳಿಗ್ಗೆ ಯಾರ ಎದುರಿಗೆ ಸಿಕ್ಕಿದ್ದ ಎಂಬುದನ್ನೂ ವಿಚಾರಿಸಬೇಕು.

ಡ್ರೈವರ್ ತಾನೇ ಎಂದು ವಿಕ್ರಾಂತ ಮೊದಲ ದಿನವೇ ಹೇಳಿಬಿಟ್ಟಿದ್ದ. ನೋಡಲು ಅವನು ಬಿದಿರಕಡ್ಡಿ. ಕಾರಿನ ಕಬ್ಬಿಣದ ಚೌಕಟ್ಟಿಗೆ ಗಾಲಿ ಕೂರಿಸಿ, ಸ್ಪ್ರಿಂಗ್ ಬಿಗಿದು, ಒಮ್ಮೆ ಕೂತು ನೋಡು ಎಂದೆವು. ಅವನು ಒಂದು ಕಾಲು ಒಳಗಿಟ್ಟಾಗಲೇ ಕಾರು ವಾಲಿತು. ಪೂರ್ತಿ ಕೂತಾಗ ಹೊಟ್ಟೆ ನೆಲಕ್ಕೆ ಅಂಟಿತು. ನಾಲ್ಕು ಜನ ಸೇರಿ ತಳ್ಳಿದರೂ ಗಾಲಿ ತಿರುಗಲಿಲ್ಲ.

"ಸ್ಪ್ರಿಂಗ್ ವೀಕ್ ಅದಾವ," ಎಂದ ಒಳಗಿನಿಂದ.

"ಸ್ಪ್ರಿಂಗ್ ಚಲೋ ಅದಾವ. ಹುಟ್ಟಿದಾಗಿಂದ ನೀ ಮಾಡಿದ್ದು ಉಸಿರಾಡಿದ್ದೊಂದ, ಅದಕ್ಕೂ ನಿಮ್ಮನ್ಯಾಗ ಹಾಡಿ ಹೊಗಳ್ಯಾರ," ಎಂದೆ.

ಕಾರು ಒಂದು ಕೂದಲಷ್ಟು ಮೇಲೆ ಬಂತು. ಅಷ್ಟೇ. ಅವನನ್ನು ಬೈದು ಇಳಿಸಬಹುದೇನೋ ಎಂದು ಕೆಲವು ದಿನ ಮನಸ್ಸಿಟ್ಟು ಪ್ರಯತ್ನಪಟ್ಟೆ. ನಾನು ಮಧ್ಯಾಹ್ನದವರೆಗೆ ಬೈದು ಇಳಿಸಿದ್ದನ್ನು ಅವನು ಮನೆಗೆ ಹೋಗಿ ಊಟದ ಜೊತೆಗೆ ಏರಿಸಿಕೊಂಡು ಬರುತ್ತಿದ್ದ. ಅವನ ಅಜ್ಜಿ ಅವನು ಚಪಾತಿ ಹರಿಯುವ ರೀತಿಯನ್ನೂ ಹೊಗಳುತ್ತಿದ್ದಳಂತೆ. ಕೊನೆಗೆ ಹಂಚಿನಾಳ ಸರ್ ಬೇರೆ ಡ್ರೈವರ್ ಹುಡುಕಿ ಎಂದರು. ವಿಕ್ರಾಂತ ಒಪ್ಪಿದ. ನಾಯಕ ಕಾರು ಓಡಿಸುವುದಿಲ್ಲ, ಓಡಿಸುವವರನ್ನು ಓಡಿಸುತ್ತಾನೆ ಎಂದು ಅವನ ಚಿಕ್ಕಪ್ಪ ಹೇಳಿದರಂತೆ. ಆ ಮಾತಿಗೆ ಇನ್ನೆರಡು ಕಿಲೋ ಏರಿದ.

ಹಾಗೆ ಸಿಕ್ಕವನು ಚನ್ನಮಲ್ಲ. ನಮ್ಮದೇ ತರಗತಿ, ಗಣಿತದಲ್ಲಿ ಎರಡು ಸಲ ಫೇಲಾದವನು. ಬೆಳಿಗ್ಗೆ ಮಾವನ ಗೂಡ್ಸ್ ಆಟೋದಲ್ಲಿ ಗ್ಯಾಸ್ ಸಿಲಿಂಡರ್ ಹಂಚಿ ಕಾಲೇಜಿಗೆ ಬರುತ್ತಿದ್ದ. ತಂಡದಲ್ಲಿ ಅವನ ಕೆಲಸ ಬೋಲ್ಟ್ ಬಿಗಿಯುವುದು. ತೂಗಿದಾಗ ಐವತ್ತೆರಡು ಕಿಲೋ. ಮರುವಾರ ತೂಗಿದಾಗಲೂ ಅಷ್ಟೇ, ಆಮೇಲೂ ಅಷ್ಟೇ. ಹೊಗಳುವವರು ಇರಲಿಲ್ಲ, ಬೈಯುವಷ್ಟು ಗಮನ ಕೊಟ್ಟವರೂ ಇರಲಿಲ್ಲ. ಇಂಥ ಮನುಷ್ಯ ಸಸ್ಪೆನ್ಷನ್ ಕಟ್ಟುವವರ ಭಾಗ್ಯ.

"ನಿಮ್ಮವ್ವ ಹೊಗಳಂಗಿಲ್ಲೇನು?" ಎಂದು ಖಾತ್ರಿಗಾಗಿ ಕೇಳಿದೆ.

"ನಮ್ಮವ್ವ ಮಾತಾಡೋದ ಕಡಿಮಿ. ಉಣ್ಣಾಕ ಹಾಕ್ತಾಳ," ಎಂದ.

ಐವತ್ತೆರಡು ಎಂದು ಬರೆದುಕೊಂಡು ಮತ್ತೆ ಮೊದಲಿನಿಂದ ಲೆಕ್ಕ ಹಾಕಿದೆ. ಪ್ರತಿ ಗಾಲಿಗೆ ಮೇಲೊಂದು ಕೆಳಗೊಂದು ಕೊಳವೆಯ ತೋಳು, ಗಾಲಿಯ ಏಟನ್ನು ಮೈಯೊಳಗಿನ ಸ್ಪ್ರಿಂಗಿಗೆ ಮುಟ್ಟಿಸುವ ಒಂದು ಕಡ್ಡಿ. ಕೊಳವೆ ಕತ್ತರಿಸಿದ್ದು ನಾನು, ಬೆಸುಗೆ ಹಿಡಿದದ್ದು ನಾನು ಮತ್ತು ಚನ್ನು. ಮೊದಲ ಬೆಸುಗೆಗಳು ಇಡ್ಲಿ ಹಿಟ್ಟು ಚೆಲ್ಲಿದಂತಿದ್ದವು, ಕತ್ತರಿಸಿ ಎಸೆದೆವು. ತಂಡದ ಉಳಿದವರು ಆಗ ಟೀಶರ್ಟಿನ ಬಣ್ಣದ ಮೇಲೆ ಜಗಳವಾಡುತ್ತಿದ್ದರು. ಕೆಲಸ ಮುಗಿದಾಗ ಕಾರಿನ ಹೊಟ್ಟೆ ನೆಲದಿಂದ ಸರಿಯಾಗಿ ಮೂರು ಬೆರಳು ಮೇಲಿತ್ತು. ವರ್ಕ್‌ಶಾಪಿನ ಗೋಡೆಯ ಮೇಲೆ ದೊಡ್ಡದಾಗಿ, ಚನ್ನಮಲ್ಲನನ್ನು ಯಾರೂ ಹೊಗಳಕೂಡದು ಎಂದು ಬರೆಸಿದೆ. ಯಾರಾದರೂ ಬಾಯಿ ತಪ್ಪಿ "ಚಲೋ ಹೊಡದಿ" ಎಂದರೆ ನಾನು ತಕ್ಷಣ ಬೈದು ಸರಿದೂಗಿಸಬೇಕು ಎಂಬುದೂ ನಿಯಮ.

ಪರೀಕ್ಷೆ ನಡೆದದ್ದು ಮುಚ್ಚಿದ ಹತ್ತಿ ಗಿರಣಿಯ ಅಂಗಳದಲ್ಲಿ. ಪಂದ್ಯವೂ ಅಲ್ಲಿಯೇ ಎಂದು ತೀರ್ಮಾನವಾಗಿತ್ತು, ಅಪ್ಪಾಸಾಹೇಬರು ಬೇರೆಲ್ಲಿಗೂ ಪ್ರಯಾಣ ಮಾಡುವ ಸ್ಥಿತಿಯಲ್ಲಿರಲಿಲ್ಲ. ಗೋದಾಮುಗಳ ಸುತ್ತ ಡಾಂಬರು ದಾರಿ. ಒಂದೆಡೆ ಸರಕು ಸಾಗಿಸುತ್ತಿದ್ದ ರೈಲು ಹಳಿ ಅದನ್ನು ಅಡ್ಡ ದಾಟುತ್ತದೆ, ಅದರಾಚೆ ಕಲ್ಲಿನ ಗೋಡೆ. ಡ್ಯಾಂಪರಿನ ಕಡ್ಡಿಗೆ ನಾನು ಒಂದು ರಬ್ಬರ್ ಬಳೆ ತೊಡಿಸಿದ್ದೆ. ಸ್ಪ್ರಿಂಗ್ ಎಷ್ಟು ಕುಗ್ಗಿತೋ ಅಷ್ಟು ದೂರ ಬಳೆ ಸರಿದು ನಿಲ್ಲುತ್ತದೆ. ಚನ್ನು ಒಂದು ಸುತ್ತು ಹೊಡೆದು ಬಂದ.

"ಹಿಂದಿನ ಎಡಗಾಲಿ ಎಗರಾಕತ್ತೈತಿ," ಎಂದ.

"ಎಗರಾಕತ್ತಿದ್ದು ನಿನ್ನ ತಲಿ. ಕತ್ತಿ ಕೂತಿದ್ರೂ ಇದಕ್ಕಿಂತ ಸೀದಾ ಹೊಡೀತಿತ್ತು," ಎಂದೆ.

ಅವನು ನಕ್ಕ, ಇನ್ನೊಂದು ಸುತ್ತು ಹೋದ. ನಾನು ಬಳೆ ನೋಡಿದೆ, ಡ್ಯಾಂಪರಿನ ಸ್ಕ್ರೂ ತಿರುಗಿಸಿದೆ, ಮತ್ತೆ ಬೈದೆ. ಹೀಗೆ ದಿನಾ. ಅವನು ದಿನೇ ದಿನೇ ಚೆನ್ನಾಗಿ ಓಡಿಸುತ್ತಿದ್ದ, ನಾನು ದಿನೇ ದಿನೇ ಜಾಸ್ತಿ ಬೈಯುತ್ತಿದ್ದೆ. ಒಂದು ಬೆಳಿಗ್ಗೆ ನಾಲ್ಕೂ ಗಾಲಿ ಕುಣಿಯತೊಡಗಿದವು. ಎಲ್ಲ ಸ್ಕ್ರೂ ನೋಡಿದ ಮೇಲೆ, ಕೊನೆಗೆ ಅವನನ್ನೇ ತೂಗಿದೆವು. ನಲವತ್ನಾಲ್ಕು.

ಆಗ ಒಬ್ಬರಾದರೂ ಅವನಿಗೆ ಒಂದು ಒಳ್ಳೆಯ ಮಾತು ಹೇಳಬಹುದಿತ್ತು. ನಾವು ಎಂಜಿನಿಯರುಗಳು, ಸ್ಪ್ರಿಂಗ್ ಬದಲಿಸಿದೆವು. ಮೆತ್ತನೆಯ ಸ್ಪ್ರಿಂಗ್ ಹಾಕಿದಾಗ ಕಾರು ಹಿಂದೆಂದೂ ಓಡದಷ್ಟು ಜೋರಾಗಿ ಓಡಿತು. ವಿಕ್ರಾಂತನಿಗೆ ಜೀವಮಾನದಲ್ಲಿ ಮೊದಲ ಸಲ ಒಂದು ವಿಷಯ ಅರ್ಥವಾಯಿತು, ರೇಸ್ ಕಾರಿಗೆ ತೂಕ ಶತ್ರು.

"ಇನ್ನೂ ಬೈರೋ," ಎಂದು ಅಪ್ಪಣೆ ಮಾಡಿದ. "ಎಲ್ಲಾರೂ ಬೈರಿ."

ಬೈದರು. ಬೈಯುವುದಕ್ಕೂ ಒಂದು ಕಣ್ಣು ಬೇಕು, ಅದು ಇವರಿಗೆ ಇರಲಿಲ್ಲ. ಅವನ ಗಣಿತ, ಅವನ ಮಾವನ ಆಟೋ, ಅವನ ಹರಿದ ಚಪ್ಪಲಿ, ಇಷ್ಟನ್ನೇ ತಿರುಗಿಸಿ ಮುರುಗಿಸಿ ಅಂದರು. ಪಾಳಿ ಹಚ್ಚಿಕೊಂಡು, ಚಹಾ ಕುಡಿಯುತ್ತ ಅಂದರು. ಚನ್ನು ಮೊದಮೊದಲು ನಗುತ್ತಿದ್ದ. ಆಮೇಲೆ ನಗಲಿಲ್ಲ. ಹೆಲ್ಮೆಟ್ ತೆಗೆಯುವುದನ್ನೇ ಬಿಟ್ಟ. ಅವನು ಇಳಿದಷ್ಟೂ ನಾನು ಸ್ಪ್ರಿಂಗನ್ನು ಇಳಿಸಿದೆ. ಮೂವತ್ತೆಂಟಕ್ಕೆ ಒಂದು ಜೊತೆ, ಮೂವತ್ಮೂರಕ್ಕೆ ಒಂದು ಜೊತೆ, ಅವನು ಇನ್ನೂ ಕೆಳಗೆ ಹೋದಂತೆ ಇನ್ನಷ್ಟು ಜೊತೆ. ಅಷ್ಟು ಚೆಂದದ ಸ್ಪ್ರಿಂಗುಗಳನ್ನು ಈ ಊರಿನಲ್ಲಿ ಯಾರೂ ಮಾಡಿರಲಿಲ್ಲ.

ಪಂದ್ಯಕ್ಕೆ ಸ್ವಲ್ಪ ದಿನ ಇರುವಾಗ ಒಂದು ಮಧ್ಯಾಹ್ನ ಅವನ ತಾಯಿ ನೀಲವ್ವ ವರ್ಕ್‌ಶಾಪಿಗೆ ಬಂದಳು. ಬಾಗಿಲಲ್ಲೇ ನಿಂತು, ಗೋಡೆಯ ಮೇಲಿನ ದೊಡ್ಡ ಬರಹವನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು.

"ದಾಕ್ಷಿ ಅನ್ನಾಕಿ ಯಾರು?"

"ನಾನ ರೀ."

"ನನ್ನ ಮಗ ಮಲಗಿದ್ರ ಹಾಸಿಗಿ ಒತ್ತವಲ್ದು," ಎಂದಳು. "ನಿನ್ನೆ ಫ್ಯಾನ್ ಹಚ್ಚಿದ್ನಿ. ಸರಕೋತ ಸರಕೋತ ಗ್ವಾಡಿಗೆ ಹೋಗಿ ಹತ್ತಿದ. ಎಚ್ಚರ ಇರಲಿಲ್ಲ ಅವಂಗ. ಈಗ ಕಾಲಿಗೆ ಹಗ್ಗ ಕಟ್ಟಿ ಮಲಗಸ್ತೀನಿ."

ಬೈಯುವ ಪಾಳಿಯವರು ಚಹಾದ ಲೋಟ ಕೆಳಗಿಟ್ಟರು.

"ನಾನೂ ಹೊಗಳಿ ನೋಡ್ದೆ ಯವ್ವಾ. ಅಭ್ಯಾಸ ಇಲ್ಲ. ರೊಟ್ಟಿ ಚಲೋ ತಿಂತಿ ಅಂದೆ. ಅಷ್ಟಕ್ಕ ಏನೂ ಆಗಲಿಲ್ಲ."

ಇಷ್ಟು ಹೇಳಿ ಹೋದಳು. ವಿಕ್ರಾಂತ, "ಈ ಮಂದಿಗೆ ಸ್ಪೋರ್ಟ್ಸ್ ಅಂದ್ರ ತಿಳಿಯಂಗಿಲ್ಲ," ಎಂದ. ಆ ದಿನದಿಂದ ನಾನು ಬೈಯುವುದನ್ನು ನಿಲ್ಲಿಸಿದೆ, ಉಳಿದವರು ನಿಲ್ಲಿಸಲಿಲ್ಲ. ಒಂದು ಒಳ್ಳೆಯ ಮಾತು ಹೇಳಿ ಸರಿಮಾಡೋಣ ಎಂದು ಚನ್ನು ಒಬ್ಬನೇ ಸಿಕ್ಕಾಗ ಹತ್ತಿರ ಹೋದೆ.

"ಚನ್ನೂ, ನೀನು..."

"ಏನು?"

"ಆ ಬೋಲ್ಟ್ ಸಡಲಾಗೇತಿ, ಬಿಗಿ ಮಾಡು."

ಹೊಗಳುವವರನ್ನು ಅಷ್ಟು ವರ್ಷ ನೋಡಿದ್ದೆ. ಅವರ ತೊಟ್ಟಿಕ್ಕುವ ಬಾಯಿ, ಕೈ ಹೊಸೆಯುವ ರೀತಿ, ಕೆಲಸವಾದ ಮೇಲೆ ಒರೆಸಿಕೊಳ್ಳುವ ಮುಖ. ಆ ಸಾಲಿನಲ್ಲಿ ಹೋಗಿ ನಿಲ್ಲಲು ನನ್ನಿಂದ ಆಗಲಿಲ್ಲ. ಅದರ ಬದಲು ಸೀಸದ ಹಾಳೆಗಳನ್ನು ತಂದು, ಕತ್ತರಿಸಿ, ಸೀಟಿನ ಕೆಳಗೆ ಪದರ ಪದರವಾಗಿ ಬಿಗಿದೆ. ಒಂದು ಒಳ್ಳೆಯ ಮಾತಿನ ಜಾಗಕ್ಕೆ ಹದಿನೆಂಟು ಕಿಲೋ ಸೀಸ. ಚನ್ನು ಪಕ್ಕದಲ್ಲಿ ನಿಂತು ನೋಡಿದ. ಸ್ಪ್ಯಾನರ್ ಎತ್ತಿ ಕೊಟ್ಟ.

ಪಂದ್ಯದ ದಿನ ಅಪ್ಪಾಸಾಹೇಬರು ನೆಲಕ್ಕೆ ಹಾಸಿದ ಉಕ್ಕಿನ ತಗಡಿನ ಮೇಲೆ ನಿಂತು ಸ್ವಾಗತ ಭಾಷಣ ಮಾಡಿದರು. ಹೊರಗಿನ ಊರುಗಳಿಂದ ಬಂದ ಡ್ರೈವರುಗಳನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೊಂಡಾಡಿದರು. ಪಾಪ, ಆ ಹುಡುಗರು ಕೈಮುಗಿದು ನಕ್ಕರು. ಓಟದ ಗೆರೆಯಲ್ಲಿ ಅವರ ಕಾರುಗಳು ಒಂದಾದಮೇಲೊಂದು ಹೊಟ್ಟೆ ಕೆಡವಿ ಕೂತವು. ಅವರ ಎಂಜಿನಿಯರುಗಳು ಕೆಳಗೆ ಮಲಗಿ ಸ್ಪ್ರಿಂಗುಗಳನ್ನು ಬಡಿದು ಬಡಿದು ನೋಡುತ್ತಿದ್ದರು. ವಿಕ್ರಾಂತ ನನ್ನ ಕಿವಿಯಲ್ಲಿ, "ಪ್ಲಾನ್ ನಂದು," ಎಂದ. ಅವನು ಜೀವನದಲ್ಲಿ ಮಾಡಿದ ಒಂದೇ ಎಂಜಿನಿಯರಿಂಗ್ ಅದು.

ಓಟ ಶುರುವಾಯಿತು. ನಮ್ಮ ಕಾರು ಮೊದಲ ತಿರುವಿಗೇ ಎಲ್ಲರನ್ನೂ ಹಿಂದೆ ಹಾಕಿತು. ಜನ ಕೂಗಿದರು. ನಾನು ರೈಲು ಹಳಿಯ ಹತ್ತಿರ ನಿಂತಿದ್ದೆ. ಎರಡನೇ ಸುತ್ತಿನಲ್ಲಿ ಕಾರು ಹಳಿ ದಾಟಿದಾಗ ಮುಂದಿನ ಎರಡೂ ಗಾಲಿಗಳು ನೆಲ ಬಿಟ್ಟವು. ಒಂದು ಕ್ಷಣ, ಮತ್ತೆ ಕೂತವು. ಮುಂದಿನ ಸುತ್ತಿನಲ್ಲಿ ಇನ್ನೂ ಜಾಸ್ತಿ ಹೊತ್ತು ಬಿಟ್ಟವು. ಗಾಲಿ ನೆಲದ ಮೇಲಿಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಎದುರಿಗೆ ಕಲ್ಲಿನ ಗೋಡೆ. ಹದಿನೆಂಟು ಕಿಲೋ ಸೀಸ ಕೆಳಗಿದ್ದರೆ ಹೀಗಾಗಲು ಸಾಧ್ಯವೇ ಇರಲಿಲ್ಲ.

ಅರ್ಧ ಓಟಕ್ಕೆ ಎಲ್ಲ ಕಾರುಗಳೂ ಬಂದು ತಪಾಸಣೆಗೆ ನಿಲ್ಲಬೇಕು. ನಾನು ಓಡಿಹೋಗಿ ಸೀಟಿನ ಕೆಳಗೆ ಕೈ ಹಾಕಿದೆ. ಸೀಸ ಇರಲಿಲ್ಲ.

"ಮುಂಜಾನೆ ತಗಸಿದ್ನಿ," ಎಂದ ವಿಕ್ರಾಂತ. "ಸತ್ತ ತೂಕ ಯಾಕ ಹೊರಬೇಕು? ಫಸ್ಟ್ ಅದೀವಿ ನಾವು. ಬೆನ್ನಿಗೆ ಮೂರು ಕಾರು ಅದಾವ."

"ಎಲ್ಲಿ ಐತಿ ಅದು? ಹಾಕ್ರಿ."

"ಓಟ ಶುರುವಾದ ಮ್ಯಾಲೆ ಗಾಡಿಗೆ ಏನೂ ಸೇರಸಂಗಿಲ್ಲ. ರೂಲ್ ಓದಿಲ್ಲೇನ್ ನೀನು?"

ಆ ನಿಯಮ ನಿಜವಾಗಿಯೂ ಇತ್ತು. ನಾನು ಕಾರಿನ ಪಕ್ಕ ಮೊಣಕಾಲೂರಿ, ಹೆಲ್ಮೆಟ್ಟಿನ ಗಾಜು ಎತ್ತಿದೆ. ಚನ್ನುವಿನ ಮುಖ ಬಿಳಿಚಿತ್ತು. ಬೆಲ್ಟ್ ಅವನನ್ನು ಸೀಟಿಗೆ ಹಿಡಿದಿಟ್ಟಿತ್ತು, ಅವನ ಮೈ ಅದಕ್ಕೆ ಒಳಗಿನಿಂದ ಮೇಲಕ್ಕೆ ಒತ್ತುತ್ತಿತ್ತು.

"ಇಳಿ," ಎಂದೆ. "ಸಾಕು. ಗ್ವಾಡಿಗೆ ಹೋಗಿ ಬಡೀತಿ."

"ಇಳಿಯಂಗಿಲ್ಲ. ನಂಗ ಬರೂದು ಇದೊಂದ ಕೆಲಸ."

"ಬರ್ತೈತಿ ಅಂತ ಯಾರಂದ್ರು ನಿಂಗ?"

ಬಾಯಿ ಚಟ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

"ಯಾರೂ ಅಂದಿಲ್ಲ," ಎಂದ ಚನ್ನು. "ನೀ ಆದ್ರೂ ಅನ್ನಬೇಕಲ್ಲ."

ವಿಕ್ರಾಂತ ಹಿಂದಿನಿಂದ ನನ್ನ ಭುಜ ಹಿಡಿದ. "ದಾಕ್ಷಿ, ಒಂದ್ ಮಾತು ಚಲೋ ಆಡಿದ್ರ ನೋಡು. ಗೆಲ್ಲೂ ಓಟ ಇದು." ನಾನು ಕೈ ಕೊಡವಿದೆ. ಮಾತು ಎಲ್ಲಿಂದ ಶುರುಮಾಡಬೇಕೆಂದು ತಿಳಿಯಲಿಲ್ಲ, ಕಾರಿನಿಂದಲೇ ಶುರುಮಾಡಿದೆ.

"ಹಿಂದಿನ ಎಡಗಾಲಿ ಎಗರ್ತೈತಿ ಅಂದಿದ್ದಿ. ಖರೇನ ಎಗರ್ತಿತ್ತು. ನಾ ಅವತ್ತ ಸ್ಕ್ರೂ ತಿರುಗಿಸಿದ್ದು ನಿನ್ನ ಮಾತು ಕೇಳೇ. ಹೆದರಿದ್ರ ಮಂದಿ ಬ್ರೇಕ್ ತುಳೀತಾರ, ಸಿಟ್ಟು ಬಂದ್ರ ಎಕ್ಸಲರೇಟರ್ ತುಳೀತಾರ. ಇಷ್ಟ್ ದಿನ ಇಷ್ಟ್ ಮಂದಿ ಬೈದ್ರು, ನೀ ಒಂದ್ ದಿನಾನೂ ಎರಡೂ ಮಾಡಲಿಲ್ಲ. ನಿನ್ನಂಥಾ ಡ್ರೈವರನ್ನ ನಾ ನೋಡಿಲ್ಲ ಚನ್ನೂ. ಈ ಗಾಡಿ ಚಲೋ ಆಗಿದ್ದು ನೀ ಕೂತಿದ್ದಕ್ಕ."

ಗಾಲಿಯ ಕಡ್ಡಿಗಳು ನನ್ನ ಕಣ್ಣೆದುರೇ ಅಲುಗಿದವು. ಸ್ಪ್ರಿಂಗುಗಳು ನಿಧಾನ ಕುಗ್ಗಿದವು. ಬೆಲ್ಟ್ ಸಡಿಲಾಯಿತು, ಚನ್ನು ಸೀಟಿಗೆ ಕೂತ. ಕಾರಿನ ಹೊಟ್ಟೆ ನೆಲದ ಕಡೆಗೆ ಎರಡು ಬೆರಳು ಇಳಿದು ನಿಂತಿತು. ವಿಕ್ರಾಂತ ತಲೆ ಹಿಡಿದುಕೊಂಡ. ಚನ್ನು ಗಾಜು ಇಳಿಸಿ ಹೊರಟ.

ಮೆತ್ತನೆಯ ಸ್ಪ್ರಿಂಗಿನ ಮೇಲೆ ಆ ಭಾರ ಹೊತ್ತು ಕಾರು ಪ್ರತಿ ಸುತ್ತಿನಲ್ಲೂ ಹಳಿಗೆ ಹೊಟ್ಟೆ ಉಜ್ಜಿ ಕಿಡಿ ಹಾರಿಸಿತು. ಆದರೆ ನಾಲ್ಕೂ ಗಾಲಿ ನೆಲದ ಮೇಲಿದ್ದವು. ಒಬ್ಬೊಬ್ಬರಾಗಿ ಹಿಂದಿನವರು ಮುಂದೆ ಹೋದರು. ನಾವು ನಾಲ್ಕನೆಯವರಾದೆವು. ತಂಡದವರು ನನ್ನನ್ನು ಸುತ್ತುಗಟ್ಟಿ ದ್ರೋಹಿ ಎಂದರು. ಅವರ ಬೈಗುಳ ಎಂದಿನಂತೆ ಸಪ್ಪೆ, ಅಷ್ಟು ಹೊತ್ತಿನಲ್ಲಿ ನನ್ನ ಹಿಮ್ಮಡಿ ಚಪ್ಪಲಿಯಿಂದ ಕೂಡ ಏಳಲಿಲ್ಲ. ಸಂಜೆ ಸನ್ಮಾನ ನಡೆದೇ ನಡೆಯಿತು. ಗೆದ್ದವರಿಗಲ್ಲ, ವಿಕ್ರಾಂತನಿಗೆ. ಸೋಲನ್ನು ಧೈರ್ಯದಿಂದ ಎದುರಿಸಿದ ನಾಯಕ ಎಂದು ಅಪ್ಪಾಸಾಹೇಬರು ಅವನಿಗೆ ಶಾಲು ಹೊದಿಸಿದರು. ಉಕ್ಕಿನ ತಗಡು ಇಬ್ಬರ ಕೆಳಗೂ ಬಾಗತೊಡಗಿದಾಗ ನಾನು ಹಿಂದಿನ ಗೇಟಿನಿಂದ ಹೊರಬಿದ್ದೆ.

ಚನ್ನು ಅಲ್ಲಿ ಗೋಡೆಗೆ ಒರಗಿ ನಿಂತಿದ್ದ. ಹೆಲ್ಮೆಟ್ ಕೈಯಲ್ಲಿತ್ತು.

"ಒಂದ್ ಕೇಳಲೇನು?" ಎಂದ. "ಅವಾಗ ಅಂದದ್ದು ಖರೆ ಅಂದ್ಯೋ, ಗಾಡಿ ಇಳೀಲಿ ಅಂತ ಅಂದ್ಯೋ?"

ನಮ್ಮ ಊರಿನಲ್ಲಿ ಇದಕ್ಕೆ ಸಾಕ್ಷಿ ಕೊಡುವ ತಕ್ಕಡಿ ಇಲ್ಲ.

"ಖರೆ," ಎಂದೆ.

"ಹಂಗಾರ ಈಗ ಅನ್ನು. ಈಗ ಗಾಡಿ ಇಲ್ಲ."

ನಾನು ಆಚೀಚೆ ನೋಡಿದೆ. ಒಳಗಿನಿಂದ ಮೈಕಿನ ಸದ್ದು ಬರುತ್ತಿತ್ತು, ದಾರಿಯಲ್ಲಿ ಯಾರೂ ಇರಲಿಲ್ಲ. ಅಂದೆ. ಮೊದಲು ಅಂದದ್ದನ್ನೂ ಅಂದೆ, ಆಗ ಹೇಳಲು ಸಮಯ ಸಾಲದೆ ಬಿಟ್ಟದ್ದನ್ನೂ ಅಂದೆ. ಶುರುಮಾಡಿದ ಮೇಲೆ ನಿಲ್ಲಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ. ಕೊನೆಗೆ ಅವನೇ ಕೈ ಅಡ್ಡ ಹಿಡಿದ.

"ಸಾಕ ಸಾಕ ಬೇ," ಎಂದ. "ಮನೀತನಕ ನಡಕೋತ ಹೋಗಬೇಕ ನಾ."